ವಾಂತಿ-ಭೇದಿ ಆಗಿದ್ದ ಮನೆಗೆ ಪಂಚಮಿ ಕರೆಯಲು ಹೋಗುವಾಗ

ನಮ್ಮ ಕಡೆ ನಾಗರ ಪಂಚಮಿ ಅಂದರೆ ಅಣ್ಣನೋ ತಮ್ಮನೋ ಹೋಗಿ ಮನೆಮಗಳನ್ನು ಕರೆದುಕೊಂಡು ಬರಲೇಬೇಕು. ಅವಳೇ ಬಸ್ಸು ಹತ್ತಿ ಬಂದರೆ ನಡೆಯುವುದಿಲ್ಲ. ಕರೆಯಲು ಯಾರೂ ಬರಲಿಲ್ಲ ಅನ್ನುವ ಮಾತು ಮುಂದಿನ ಪಂಚಮಿವರೆಗೂ ಉಳಿಯುತ್ತದೆ. ನಾನಿರುವುದು ಸಿಂಧನೂರಿನಲ್ಲಿ, ತಂಗಿಯನ್ನು ಕೊಟ್ಟಿರುವುದು ಕಾರಟಗಿ ಆಚೆಯ ಒಂದು ಹಳ್ಳಿಗೆ, ಅದೂ ನಮ್ಮ ಸೋದರತ್ತೆಯ ಮನೆಗೇ. ಈ ಸಲ ಹೊರಡಬೇಕು ಅನ್ನುವಷ್ಟರಲ್ಲಿ ಫೋನು ಬಂತು. ಮೊದಲು ಸಣ್ಣ ಮಗುವಿಗೆ, ಆಮೇಲೆ ಮೈದುನನಿಗೆ, ಆಮೇಲೆ ಅತ್ತೆಗೆ ವಾಂತಿ-ಭೇದಿ ಆಗಿದೆಯಂತೆ. "ಈಗ ಎಲ್ಲಾರೂ ಆರಾಮ ಅದಾರ, ನೀ ಬಾ" ಅಂದಳು ತಂಗಿ.

ನನ್ನ ಹೆಂಡತಿ ಹೋಗಬೇಡಿ ಅಂದಳು. ಅವ್ವ ಹೋಗದಿದ್ದರ ಹೆಂಗ ಅಂದಳು. ಇಬ್ಬರ ಮಾತಲ್ಲೂ ತಪ್ಪಿಲ್ಲ. ಮಕ್ಕಳಿರುವ ಮನೆಗೆ ಈ ಕಾಯಿಲೆ ತರುವುದು ಯಾರಿಗೆ ಬೇಕು? ಹಾಗಂತ ಸಂಬಂಧ ಬಿಡಲಾಗುತ್ತದಾ? ನನ್ನ ಪ್ರಕಾರ ಹೋಗಬೇಕು, ಆದರೆ ಯಾವಾಗ ಹೋಗಬೇಕು, ಹೋದ ಮೇಲೆ ಏನು ಮುಟ್ಟಬೇಕು, ಏನು ಬಾಯಿಗೆ ಹಾಕಬೇಕು ಅನ್ನುವುದು ಮೊದಲೇ ತಲೆಯಲ್ಲಿರಬೇಕು.

ಮೊದಲು ಫೋನಿನಲ್ಲೇ ಸರಿಯಾಗಿ ವಿಚಾರಿಸಿ. "ಆರಾಮ" ಅನ್ನುವ ಉತ್ತರ ಸಾಲದು. ಕೊನೆಯದಾಗಿ ಯಾರಿಗೆ ಆಯಿತು, ಅವರಿಗೆ ಯಾವಾಗ ನಿಂತಿತು, ಇದು ಗೊತ್ತಾಗಬೇಕು. ಕೊನೆಯವರಿಗೆ ನಿಂತು 48 ಗಂಟೆ ಆಗುವವರೆಗೆ ಆ ಮನೆಗೆ ಹೋಗದಿರುವುದು ಒಳ್ಳೆಯದು. ನಮ್ಮ ಕೂಡು ಕುಟುಂಬಗಳಲ್ಲಿ ಎಡವಟ್ಟಾಗುವುದೇ ಇಲ್ಲಿ. ಮೊದಲು ಮಲಗಿದವರು ಎದ್ದು ಓಡಾಡಿದರೆ ಇಡೀ ಮನೆಯೇ ಆರಾಮಾಯಿತು ಅಂತ ಲೆಕ್ಕ ಹಾಕಿಬಿಡುತ್ತಾರೆ. ಅಷ್ಟರಲ್ಲಿ ಇನ್ನೊಬ್ಬರ ಹೊಟ್ಟೆಯೊಳಗೆ ಅದು ಶುರುವಾಗಿರುತ್ತದೆ. ಹತ್ತು ಜನ ಇರುವ ಮನೆಯನ್ನು ಒಂದು ಸುತ್ತು ಹಾಕಲು ಅದಕ್ಕೆ ವಾರವೇ ಬೇಕಾಗಬಹುದು. ಹಾಗಾಗಿ ರೊಟ್ಟಿ ಹಬ್ಬಕ್ಕೇ ತಂಗಿ ಇಲ್ಲಿರಬೇಕು ಅಂತಿದ್ದ ಅವ್ವನನ್ನು ಆಮೇಲಿನ, ನಾಗಪ್ಪನಿಗೆ ಹಾಲೆರೆಯುವ ದಿನಕ್ಕೆ ಒಪ್ಪಿಸಿದೆ. "ಅವರೂ ಸ್ವಲ್ಪ ಸುಧಾರಿಸಿಕೊಳ್ಳಲಿ, ಈಗ ಹೋದರೆ ನನಗಾಗಿ ಒಲೆ ಮುಂದೆ ನಿಲ್ಲಬೇಕು ಪಾಪ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅದು ಸುಳ್ಳೂ ಅಲ್ಲ.

ಇನ್ನೊಂದು ಪ್ರಶ್ನೆಯನ್ನು ಮರೆಯದೆ ಕೇಳಿ. ನಿಮ್ಮ ಮನೆಯಲ್ಲಿ ಮಾತ್ರ ಆಗಿದೆಯಾ, ಓಣಿಗೆಲ್ಲ ಆಗಿದೆಯಾ? ಓಣಿಗೆಲ್ಲ ಅಂದರೆ ನೀರಿನ ಮೇಲೇ ಅನುಮಾನ. ಮಳೆಗಾಲದಲ್ಲಿ ಪೈಪು ಒಡೆದು ಚರಂಡಿ ನೀರು ಸೇರಿಕೊಂಡರೆ ಏನಾಗುತ್ತದೆ ಅಂತ ನಮ್ಮ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಮರುವರ್ಷ ಕೊಪ್ಪಳ ಜಿಲ್ಲೆಯ ಬಸರಿಹಾಳದಲ್ಲೂ ವಾಂತಿ-ಭೇದಿಯಿಂದ ಸಾವು ಆಯಿತು. ಅಂಥ ಹೊತ್ತಿನಲ್ಲಿ ಒಂದು ಮನೆಯವರು ಆರಾಮಾದರೂ ನಲ್ಲಿ ಆರಾಮಾಗಿರುವುದಿಲ್ಲ. ಹೋಗಲೇಬೇಕಾದರೆ ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ, ಇಲ್ಲದಿದ್ದರೆ ಚೆನ್ನಾಗಿ ಕುದಿಸಿದ್ದು ಮಾತ್ರ ಕುಡಿಯಿರಿ. ಭೇದಿಯಲ್ಲಿ ರಕ್ತ ಇದೆ, ಅಥವಾ ಅಕ್ಕಿ ತೊಳೆದ ನೀರಿನ ಹಾಗೆ ಒಂದೇ ಸಮ ಹೋಗುತ್ತಿದೆ ಅಂದರೆ ಅವರಿಗೆ ಬೇಕಾಗಿರುವುದು ನೆಂಟರಲ್ಲ, ಆಸ್ಪತ್ರೆ. ಫೋನಿಟ್ಟ ತಕ್ಷಣ ಆ ವ್ಯವಸ್ಥೆ ನೋಡಿ.

ತಂಗಿಯ ಓಣಿಯಲ್ಲಿ ಬೇರೆ ಯಾರಿಗೂ ಆಗಿರಲಿಲ್ಲ. ಇದ್ದಕ್ಕಿದ್ದಂತೆ ವಾಂತಿ, ಎರಡು-ಮೂರು ದಿನದಲ್ಲಿ ನಿಲ್ಲುವುದು, ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಬರುವುದು, ಇದೆಲ್ಲ ವೈರಸ್ಸಿನ ಲಕ್ಷಣ. ಹಳ್ಳಿಯಲ್ಲಿ ಯಾರೂ ಪರೀಕ್ಷೆ ಮಾಡಿಸುವುದಿಲ್ಲ, ಆದರೆ ಹೀಗೆ ಹಬ್ಬುವುದರಲ್ಲಿ ನೋರೊವೈರಸ್ ಎತ್ತಿದ ಕೈ. 1968ರಲ್ಲಿ ಅಮೆರಿಕದ ಓಹಿಯೋದ ನಾರ್ವಾಕ್ ಅನ್ನುವ ಊರಿನ ಒಂದು ಶಾಲೆಯಲ್ಲಿ ಮಕ್ಕಳು, ಟೀಚರ್‌ಗಳು ಸಾಲುಸಾಲಾಗಿ ವಾಂತಿ ಮಾಡಿಕೊಂಡು ಮಲಗಿದರು, ಅವರಿಂದ ಮನೆಯವರಿಗೂ ಹಬ್ಬಿತು. ಆ ಊರಿನ ಹೆಸರೇ ವೈರಸ್ಸಿಗೆ ಅಂಟಿಕೊಂಡಿತು. ನೂರಕ್ಕಿಂತ ಕಡಿಮೆ ಕಣ ಒಳಗೆ ಹೋದರೂ ಸಾಕು, ಕಾಯಿಲೆ ಬರುತ್ತದೆ. ಕಾಯಿಲೆ ಬಿದ್ದವರ ಮಲದಲ್ಲಿ, ವಾಂತಿಯಲ್ಲಿ ಅದು ಕೋಟಿಗಟ್ಟಲೆ ಇರುತ್ತದೆ. ವಾಸಿಯಾದ ಮೇಲೂ ಎರಡು ವಾರ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ದಿನ ಮಲದಲ್ಲಿ ಹೋಗುತ್ತಲೇ ಇರುತ್ತದೆ. ಅಂದರೆ ಎರಡು ದಿನ ಕಾದು ಹೋದರೂ ಅಪಾಯ ತಗ್ಗಿರುತ್ತದೆ, ಪೂರ್ತಿ ಹೋಗಿರುವುದಿಲ್ಲ. ಉಳಿದದ್ದನ್ನು ನಮ್ಮ ಕೈ ನೋಡಿಕೊಳ್ಳಬೇಕು.

ಸಮಾಧಾನದ ವಿಷಯ ಅಂದರೆ ಇದು ನೆಗಡಿಯ ಹಾಗೆ ಮಾತಾಡಿದರೆ ಹರಡುವುದಿಲ್ಲ. ಯಾರಾದರೂ ಎದುರಿಗೇ ವಾಂತಿ ಮಾಡಿಕೊಂಡರೆ ಅದರ ಹನಿ ಗಾಳಿಯಲ್ಲಿ ಹಾರುತ್ತದೆ, ಅದೊಂದು ಬಿಟ್ಟರೆ ದಾರಿ ಕೈಯಿಂದ ಬಾಯಿಗೆ, ಊಟದಿಂದ ಬಾಯಿಗೆ. ಹಾಗಾಗಿ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಮಳೆ, ಕಾಲುವೆ ನೀರು, ಭತ್ತದ ನಾಟಿ ಅಂತ ಗಂಟೆಗಟ್ಟಲೆ ಮಾತಾಡಿ. ಯಾವ ಭಯವೂ ಬೇಡ.

ಬಾಗಿಲಿಗೆ ಬಂದವರಿಗೆ ಕೈಕಾಲು ತೊಳೆಯಲು ಚರಿಗೆಯಲ್ಲಿ ನೀರು ಕೊಡುವ ನಮ್ಮ ಪದ್ಧತಿ ಇಲ್ಲಿ ಎಷ್ಟು ಅನುಕೂಲ ನೋಡಿ. ಯಾರಿಗೂ ಅನುಮಾನ ಬರದ ಹಾಗೆ ತೊಳೆದುಕೊಳ್ಳಬಹುದು. ಆದರೆ ಬಂದಾಗ ತೊಳೆದು ಪ್ರಯೋಜನ ಕಡಿಮೆ. ಆ ಮನೆಯ ಚಿಲಕ, ನಲ್ಲಿ, ಮಗುವಿನ ಕೈ ಎಲ್ಲ ಮುಟ್ಟಿದ ಮೇಲೆ, ಊಟಕ್ಕೆ ಕೂರುವ ಮುಂಚೆ ತೊಳೆಯುವುದು ಮುಖ್ಯ. ಸುಮ್ನೆ ಬೆರಳ ತುದಿಗೆ ನೀರು ಮುಟ್ಟಿಸಿದರೆ ಆಗದು. ಸೋಪು ಹಚ್ಚಿ, ಉಗುರಿನ ಸಂದಿಯೆಲ್ಲ ಉಜ್ಜಿ, ಕನಿಷ್ಠ 20 ಸೆಕೆಂಡು, ರೊಟ್ಟಿ ಬಡಿದವರು ಕೈಗೆ ಮೆತ್ತಿದ ಜೋಳದ ಹಿಟ್ಟನ್ನು ತೆಗೆಯುವ ಹಾಗೆ ತೊಳೆಯಬೇಕು. ಸೋಪು ಈ ವೈರಸ್ಸನ್ನು ಕೊಲ್ಲುವುದಿಲ್ಲ, ಕೈಯಿಂದ ಜಾರಿಸುತ್ತದೆ ಅಷ್ಟೇ. ಅದಕ್ಕೇ ಉಜ್ಜುವುದೂ ಬೇಕು, ಮೇಲಿಂದ ಸುರಿಯುವ ನೀರೂ ಬೇಕು. ಬಕೀಟಿನಲ್ಲಿ ಕೈ ಅದ್ದಿದರೆ ಬಕೀಟೂ ಕೆಟ್ಟಿತು.

ಸ್ಯಾನಿಟೈಸರ್ ಜೇಬಲ್ಲಿದೆ, ನನಗೇನು ಅನ್ನುವವರು ಕೊರೊನಾ ಆದ ಮೇಲೆ ಜಾಸ್ತಿಯಾಗಿದ್ದಾರೆ. ಕೊರೊನಾ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇತ್ತು, ಆಲ್ಕೋಹಾಲ್ ಅದನ್ನು ಕರಗಿಸುತ್ತಿತ್ತು. ನೋರೊಗೆ ಆ ಹೊದಿಕೆಯೇ ಇಲ್ಲ, ಸ್ಯಾನಿಟೈಸರಿಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಸೋಪೇ ಬೇಕು. ಆ ಮನೆಯಲ್ಲಿ ಸೋಪು ಎಲ್ಲಿದೆಯೋ ಏನೋ ಅನ್ನಿಸಿದರೆ ಮಕ್ಕಳಿಗೆ ಅಂತ ಹಣ್ಣು ಒಯ್ಯುವಾಗ ಒಂದು ಹ್ಯಾಂಡ್‌ವಾಶ್ ಬಾಟಲಿಯನ್ನೂ ಚೀಲದಲ್ಲಿ ಹಾಕಿ. ನೆಂಟರ ಕೈಗೆ ಸೋಪು ಕೊಟ್ಟರೆ ಅಪಾರ್ಥ ಆಗುತ್ತದೆ, ಬಣ್ಣದ ಬಾಟಲಿ ಮಗುವಿನ ಕೈಗೆ ಕೊಟ್ಟರೆ ಆಟದ ಸಾಮಾನು ಆಗುತ್ತದೆ. ತೊಳೆದ ಮೇಲೆ ಗೋಡೆಯ ಮೊಳೆಗೆ ತೂಗುಹಾಕಿದ ಟವೆಲ್ಲಿಗೆ ಮಾತ್ರ ಕೈ ಒರೆಸಬೇಡಿ. ಮನೆಮಂದಿಯೆಲ್ಲ ಒರೆಸಿಕೊಳ್ಳುವುದು ಅದಕ್ಕೇ. ನಿಮ್ಮ ಕರ್ಚೀಫು ಇರಲಿ, ಇಲ್ಲವೇ ಕೊಡವಿಕೊಂಡು ಹಾಗೇ ಒಣಗಲು ಬಿಡಿ.

ಇನ್ನು ನೀರು. ಈಗ ಹಳ್ಳಿಗಳಲ್ಲೂ ಶುದ್ಧ ನೀರಿನ ಘಟಕದಿಂದ ಕ್ಯಾನು ತರುತ್ತಾರೆ. ನೀರು ಒಳ್ಳೆಯದೇ ಇರಬಹುದು. ಮನೆಗೆ ಬಂದ ಮೇಲೆ ಅದನ್ನು ಕೊಡಕ್ಕೆ ಸುರಿದು, ಒಬ್ಬರಾದ ಮೇಲೆ ಒಬ್ಬರು ಲೋಟ ಮುಳುಗಿಸಿ, ಲೋಟದ ಜತೆ ನಾಲ್ಕು ಬೆರಳೂ ಮುಳುಗಿಸಿ ತೆಗೆಯುತ್ತಾರಲ್ಲ, ಅಲ್ಲಿಗೆ ಮುಗಿಯಿತು. ಉದ್ದ ಹಿಡಿಕೆಯ ಸೌಟು ಅಥವಾ ನಲ್ಲಿ ಇರುವ ಡಬ್ಬ ಇದ್ದರೆ ಈ ತೊಂದರೆ ಇಲ್ಲ. ನಾನು ನನ್ನ ಬಾಟಲಿ ಒಯ್ದಿದ್ದೆ. "ಡಾಕ್ಟರು ಕುದಿಸಿದ ನೀರೇ ಕುಡಿ ಅಂದಾರ" ಅಂತ ಡಾಕ್ಟರ ಮೇಲೆ ಹಾಕಿದರೆ ನಮ್ಮ ಕಡೆ ಯಾರೂ ಎರಡನೇ ಮಾತು ಆಡುವುದಿಲ್ಲ. ಚಹಾ ಬೇಡ ಅನ್ನಬೇಡಿ. ಕುದಿದು ಬಂದದ್ದು, ಕಪ್ಪನ್ನು ಸೋಪು ಹಾಕಿ ತೊಳೆದಿದ್ದರೆ ಅದೇ ಆ ಮನೆಯಲ್ಲಿ ನೀವು ಬಾಯಿಗೆ ಹಾಕುವ ಎಲ್ಲದಕ್ಕಿಂತ ಸುರಕ್ಷಿತ.

ಊಟದ ವಿಷಯ ಸ್ವಲ್ಪ ಕಷ್ಟ. ಉಣ್ಣದೆ ಎದ್ದರೆ ಅವಮಾನ. ಒಂದು ಸರಳ ನಿಯಮ ಇಟ್ಟುಕೊಳ್ಳಿ: ಬೆಂಕಿ ಮುಟ್ಟಿದ ಮೇಲೆ ಯಾರ ಕೈ ಮುಟ್ಟಿತು? ಹಂಚಿನಿಂದ ನೇರ ತಟ್ಟೆಗೆ ಬಿದ್ದ ಬಿಸಿ ರೊಟ್ಟಿ, ಕುದಿಯುತ್ತಿರುವ ಬೇಳೆ, ಎಣ್ಣೆಗಾಯಿ, ಆಗಷ್ಟೇ ಇಳಿಸಿದ ಅನ್ನ, ಇವು ಆಗಬಹುದು. ಹಬ್ಬಕ್ಕೆ ಅಂತ ಮೊದಲೇ ಬಡಿದು ಬುಟ್ಟಿಯಲ್ಲಿ ಪೇರಿಸಿಟ್ಟ ಖಡಕ್ ರೊಟ್ಟಿಯನ್ನು ಎಷ್ಟು ಕೈ ಎಣಿಸಿ ಇಟ್ಟಿವೆಯೋ. ನಮ್ಮ ಊಟದ ರುಚಿಯೆಲ್ಲ ಇರುವುದು ಹಸಿಯದರಲ್ಲಿ: ಹೆಚ್ಚಿದ ಉಳ್ಳಾಗಡ್ಡಿ, ಸೌತೆಕಾಯಿ, ಮೆಂತ್ಯೆ ತಪ್ಪಲು, ಗಟ್ಟಿ ಮೊಸರು. ಆ ದಿನ ಅವನ್ನು ಬಿಡಬೇಕು. ಸಂಜೆಗೆ ಕೈಯಲ್ಲಿ ಕಲೆಸಿದ ಒಗ್ಗರಣೆ ಮಂಡಕ್ಕಿಯೂ ಬೇಡ, ಪಕ್ಕದ ಬಿಸಿ ಮಿರ್ಚಿ ಭಜಿ ಎಷ್ಟಾದರೂ ತಿನ್ನಿ. ಬಾಳೆಹಣ್ಣು ನೀವೇ ಸುಲಿದುಕೊಂಡರೆ ಸರಿ, ಹೆಚ್ಚಿಟ್ಟ ಹಣ್ಣು ಬೇಡ.

ಅಡಿಗೆ ಯಾರದು ಅನ್ನುವುದು ಇದಕ್ಕಿಂತ ದೊಡ್ಡ ಪ್ರಶ್ನೆ. ವಾಂತಿ-ಭೇದಿ ಆದವರು ನಿಂತ ಮೇಲೂ ಕನಿಷ್ಠ ಎರಡು ದಿನ ಬೇರೆಯವರಿಗೆ ಅಡಿಗೆ ಮಾಡಬಾರದು. ಆದರೆ ಅಳಿಯ ಬಂದಿದ್ದಾನೆ ಅಂದರೆ ನಮ್ಮ ಅತ್ತೆ ಜ್ವರ ಇದ್ದರೂ ಎದ್ದು ಬಂದು ಬಡಿಸುವ ಹೆಂಗಸು. ಅವತ್ತೂ ಸೆರಗು ಸಿಕ್ಕಿಸಿಕೊಂಡು ಬಂದೇಬಿಟ್ಟಳು. "ಅತ್ತಿ, ನೀ ಕುಂದ್ರು, ಎಷ್ಟು ಸೊರಗಿ ಹೋಗಿ ನೋಡು, ತಂಗಿ ನೀಡತಾಳ" ಅಂದೆ. ಹಾಗೆ ಅಂದದ್ದಕ್ಕೆ ಅವಳಿಗೆ ಸಂತೋಷವೇ ಆಯಿತು. ಗೋಡೆಗೆ ಒರಗಿ ಕೂತು ತನ್ನ ಕಾಯಿಲೆಯ ಕತೆ ಪೂರ್ತಿ ಹೇಳಿದಳು, ನಾನು ಉಣ್ಣುತ್ತಾ ಕೇಳಿದೆ. ವಾಂತಿಯ ವರ್ಣನೆ ಕೇಳುತ್ತಾ ಉಣ್ಣುವುದು ಬೇರೆ ಮಾತು ಬಿಡಿ.

ಪಂಚಮಿ ಅಂದ ಮೇಲೆ ಉಂಡಿ ಇರಲೇಬೇಕಲ್ಲ. ನಿಜ ಹೇಳಬೇಕೆಂದರೆ ಇಡೀ ಹಬ್ಬದಲ್ಲಿ ಜಾಸ್ತಿ ಹುಷಾರಾಗಿರಬೇಕಾದದ್ದು ಉಂಡಿಯ ಹತ್ತಿರ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ ಯಾವುದೇ ಇರಲಿ, ಹುರಿಯುವುದು ಮೊದಲು, ಕೈಯಲ್ಲಿ ಕಟ್ಟುವುದು ಕೊನೆಗೆ. ಕಟ್ಟಿದ ಮೇಲೆ ಅದು ಬೆಂಕಿ ಕಾಣುವುದೇ ಇಲ್ಲ, ಸೀದಾ ಡಬ್ಬಕ್ಕೆ. ಇನ್ನು ಈ ವೈರಸ್ಸು ಒಣಗಿದ ಜಾಗದಲ್ಲೂ ದಿನಗಟ್ಟಲೆ ಬದುಕಿರುತ್ತದೆ. ತಂಗಿಯನ್ನು ಮೆಲ್ಲಗೆ ಕೇಳಿದರೆ, ಮಗುವಿಗೆ ಆಗುತ್ತಿದ್ದ ದಿನವೇ ಮನೆಯವರೆಲ್ಲ ಕೂತು ಉಂಡಿ ಕಟ್ಟಿದ್ದರಂತೆ. ಅತ್ತೆ ದೊಡ್ಡ ಡಬ್ಬವನ್ನೇ ಕೊಟ್ಟಳು, ಬೇಡ ಅನ್ನಲಿಲ್ಲ. ಮನೆಗೆ ತಂದು ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಟ್ಟೆ. ಬಿಸಾಡಲು ಅವ್ವ ಬಿಡಲಿಲ್ಲ. ನನ್ನ ಹೆಂಡತಿ ಎಲ್ಲವನ್ನೂ ಪುಡಿ ಮಾಡಿ, ಹೂರಣ ಮಾಡಿ, ಕಾದ ಹಂಚಿನ ಮೇಲೆ ಶೇಂಗಾ ಹೋಳಿಗೆ ಬೇಯಿಸಿದಳು. ಪುಡಿ ಮಾಡಿದ ಕೈಯನ್ನು, ಪಾತ್ರೆಯನ್ನು ಸೋಪಿನಲ್ಲಿ ತೊಳೆದ ಮೇಲೇ ಬೇರೆ ಕೆಲಸ. ಮೇಲೆ ತುಪ್ಪ ಹಾಕಿಕೊಂಡು ತಿಂದೆವು, ಉಂಡಿಗಿಂತ ಚೆನ್ನಾಗಿತ್ತು.

ಸಂಡಾಸಿನ ಬಗ್ಗೆ ಎರಡೇ ಮಾತು. ಸಾಧ್ಯವಾದರೆ ಆ ಮನೆಯದನ್ನು ಬಳಸದಿರುವುದೇ ಒಳ್ಳೆಯದು. ಬಳಸಿದರೆ ಮಗ್ಗಿನ ಹಿಡಿಕೆ, ನಲ್ಲಿ, ಒಳಗಿನ ಚಿಲಕ ಈ ಮೂರೂ ಎಲ್ಲರೂ ಮುಟ್ಟಿದ್ದು ಅಂತ ನೆನಪಿಟ್ಟುಕೊಂಡು ಹೊರಗೆ ಬಂದು ಸೋಪಿನಲ್ಲಿ ಕೈ ತೊಳೆಯಿರಿ.

ನೀವಿರುವಾಗಲೇ ಯಾರಾದರೂ ವಾಂತಿ ಮಾಡಿಕೊಂಡರೆ? ಮೊದಲು ಮಕ್ಕಳನ್ನು ಆಚೆ ಕಳಿಸಿ. ಮೂಗು-ಬಾಯಿಗೆ ಬಟ್ಟೆ ಕಟ್ಟಿ, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಹಳೆ ಪೇಪರಿನಲ್ಲಿ ಎತ್ತಿ ಕಟ್ಟಿ ಬಿಸಾಡಿ. ಪೊರಕೆ ತಗೊಂಡು ಗುಡಿಸಿದರೆ ಹರಡುತ್ತದೆ ಅಷ್ಟೇ. ಆಮೇಲೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚಿಂಗ್ ಪೌಡರ್ ಕಲಸಿ, ಆ ಜಾಗಕ್ಕೂ ಸುತ್ತಲೂ ಹಾಕಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಕಿಟಕಿ, ಬಾಗಿಲು ತೆಗೆದಿರಲಿ. ಫಿನಾಯಿಲ್ ಹಾಕಿದರೆ ಮನೆ ಆಸ್ಪತ್ರೆಯ ಹಾಗೆ ಘಮ್ ಅನ್ನುತ್ತದೆ, ಈ ವೈರಸ್ಸಿಗೆ ಅದನ್ನು ನಂಬಿಕೊಳ್ಳಬೇಡಿ. ಬ್ಲೀಚಿಂಗ್ ಪೌಡರನ್ನು ಸಂಡಾಸು ತೊಳೆಯುವ ಆಸಿಡ್ ಜತೆ ಯಾವ ಕಾರಣಕ್ಕೂ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಎದ್ದು ಉಸಿರೇ ಕಟ್ಟುತ್ತದೆ. ಕೊಳೆಯಾದ ಹಾಸಿಗೆ-ಬಟ್ಟೆಯನ್ನು ಕೊಡವದೆ ಸುತ್ತಿ ಎತ್ತಿ ಬೇರೆಯಾಗಿ ಬಿಸಿನೀರಿನಲ್ಲಿ ಒಗೆಯಬೇಕು.

ಹೊರಡುವ ಮುಂಚೆ ಮೆಡಿಕಲ್ ಶಾಪಿನಲ್ಲಿ ಭೇದಿ ಬರದಿರಲಿ ಅಂತ ಆಂಟಿಬಯಾಟಿಕ್ ಗುಳಿಗೆ ನುಂಗಿ ಹೋಗುವವರನ್ನು ನೋಡಿದ್ದೇನೆ. ವೈರಸ್ಸಿಗೆ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ, ಮುಂಚೆ ನುಂಗಿದರೂ ಅಷ್ಟೇ. ಬೆಳ್ಳುಳ್ಳಿ ಅಗಿಯುವವರೂ ಇದ್ದಾರೆ, ಅಗಿಯಲಿ, ಆದರೆ ಕೈ ತೊಳೆದು ಅಗಿಯಲಿ. ಪುಟ್ಟ ಮಕ್ಕಳ ಮಟ್ಟಿಗೆ ಒಂದು ನಿಜವಾದ ರಕ್ಷಣೆ ಇದೆ, ರೋಟಾವೈರಸ್ ಲಸಿಕೆ. ನಮ್ಮ ದೇಶದಲ್ಲಿ 2016ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2019ರ ಹೊತ್ತಿಗೆ ಎಲ್ಲ ಕಡೆ ಬಂತು. ಆರು, ಹತ್ತು, ಹದಿನಾಲ್ಕು ವಾರಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಹಾಕುತ್ತಾರೆ. ನೋರೊಗೆ ಅದು ತಾಗುವುದಿಲ್ಲ, ಆದರೆ ಕೂಸುಗಳನ್ನು ಭೇದಿಯಿಂದ ಆಸ್ಪತ್ರೆಗೆ ಸೇರಿಸುವ ದೊಡ್ಡ ವೈರಸ್ಸೇ ರೋಟಾ, ಹಾಗಾಗಿ ಕಾರ್ಡು ತೆಗೆದು ಹಾಕಿಸಿದೆಯಾ ನೋಡಿಕೊಳ್ಳಿ.

ವಾಪಸ್ ಬಂದ ಮೇಲೆ ಸಾಮಾನ್ಯವಾಗಿ 12ರಿಂದ 48 ಗಂಟೆಯೊಳಗೆ ಗೊತ್ತಾಗುತ್ತದೆ. ಅಷ್ಟು ಹೊತ್ತು ಮದುವೆ ಮನೆಯಲ್ಲಿ ಬಡಿಸಲು ನಿಲ್ಲುವುದು, ಗುಡಿಯಲ್ಲಿ ಪ್ರಸಾದ ಹಂಚುವುದು ಬೇಡ. ಹತ್ತಿಕೊಂಡರೆ ಓಆರ್‌ಎಸ್ ಇರಲಿ. ದೊಡ್ಡ ಪಾಕೀಟು ಪೂರ್ತಿ, ಒಂದು ಲೀಟರ್ ನೀರಿಗೆ. ಅರ್ಧ ಪಾಕೀಟು ಲೋಟಕ್ಕೆ ಹಾಕಿ ಕುಡಿಸುವುದು ತಪ್ಪು, ಉಪ್ಪು ಜಾಸ್ತಿಯಾಗುತ್ತದೆ. ಮಾಡಿದ್ದನ್ನು ಒಂದೇ ದಿನ ಇಡಬೇಕು. ವಾಂತಿ ಆಗುತ್ತಿದ್ದರೂ ಹತ್ತು ನಿಮಿಷ ಬಿಟ್ಟು ಚಮಚ ಚಮಚ ಕುಡಿಸುತ್ತಿರಬೇಕು. ಆಶಾ ಕಾರ್ಯಕರ್ತೆಯರ ಹತ್ತಿರ ಪಾಕೀಟು ಸಿಗುತ್ತದೆ, ಮಕ್ಕಳಿಗೆ 14 ದಿನ ಕೊಡುವ ಜಿಂಕ್ ಗುಳಿಗೆಯೂ ಸಿಗುತ್ತದೆ. ಕಣ್ಣು ಗುಳಿಬಿದ್ದಿದೆ, ಉಚ್ಚೆ ಹೋಗಿಲ್ಲ, ಮಗು ಮಂಕಾಗಿದೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದೆ ಅಂದರೆ ಮನೆಮದ್ದು ನಂಬಿ ಕೂರಬೇಡಿ, 108ಕ್ಕೆ ಫೋನು ಮಾಡಿ.

ತಂಗಿ ಮಗುವಿನ ಜತೆ ನಮ್ಮ ಮನೆಗೆ ಬಂದಾಗಲೂ ಇದೇ ಲೆಕ್ಕ. ಮಗುವಿಗೆ ಬೇರೆ ಟವೆಲ್ಲು, ಅವನ ಚಡ್ಡಿ ಬದಲಿಸಿದವರು ತಕ್ಷಣ ಸೋಪಿನಲ್ಲಿ ಕೈ ತೊಳೆಯುವುದು. ತಂಗಿಗೆ ಕಾಯಿಲೆ ಬಂದಿರಲಿಲ್ಲ, ಆದರೂ ಒಳಗೇ ಕೂತಿದ್ದರೆ ಅಂತ ಅವಳನ್ನು ಎರಡು ದಿನ ಅಡಿಗೆ ಮನೆಗೆ ಬಿಡಲಿಲ್ಲ. ಹೇಳಿದರೆ ಬೇಜಾರಾಗುತ್ತಾಳೇನೋ ಅಂದುಕೊಂಡಿದ್ದೆ. "ಎರಡೇ ದಿನಾನ? ಎಂಟು ದಿನ ಅಂತ ಹೇಳಬೇಕಿಲ್ಲೇನು ಡಾಕ್ಟರು" ಅಂದು ಜೋಕಾಲಿ ಕಡೆ ಹೋದಳು.